ಹೊಸ ಬ್ಯಾಟರಿ ತರುವ ಮೊದಲು ಅರ್ತ್ ನೋಡಿ

ಹಳೆಯ ಟ್ರ್ಯಾಕ್ಟರ್ ಇಟ್ಟುಕೊಂಡವರು ಕಳಿಸುವ ಪ್ರಶ್ನೆಗಳಲ್ಲಿ ಊರು ಬೇರೆ, ಮಾದರಿ ಬೇರೆ, ದೂರು ಮಾತ್ರ ಒಂದೇ: ಕೀ ತಿರುಗಿಸಿದರೆ ಸೆಲ್ಫ್ (ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರ್) ತಿರುಗುವುದಿಲ್ಲ. ಅದಕ್ಕೇ ಈ ಸಲದ ಜಾಗವೆಲ್ಲ ಆ ಒಂದು ದೂರಿಗೆ. ಉಳಿದವಕ್ಕೆ ಕೊನೆಯಲ್ಲಿ ಚುಟುಕಾಗಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮದು ಹಳೆಯ ಮ್ಯಾಸ್ಸಿ 1035. ಹೋದ ವರ್ಷ ಪೂರ್ತಿ ಬಿಚ್ಚಿ ಪೇಂಟ್ ಮಾಡಿಸಿದೆವು. ಆಮೇಲಿನಿಂದ ಕೀ ತಿರುಗಿಸಿದರೆ ‘ಟಕ್’ ಅನ್ನುತ್ತದೆ, ಸೆಲ್ಫ್ ತಿರುಗುವುದಿಲ್ಲ. ಕೆಲವು ಸಲ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತದೆ. ಎರಡು ಬ್ಯಾಟರಿ ಬದಲಾಯಿಸಿದ್ದಾಯಿತು, ಸೆಲ್ಫ್ ರಿಪೇರಿಯೂ ಆಯಿತು. ಈಗ ಹೊಸ ಸೆಲ್ಫ್ ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಬೇಕೆ?

ಉತ್ತರ: ಬೇಡ. ಇಷ್ಟು ದುಡ್ಡು ಸುರಿದರೂ ಒಬ್ಬರಾದರೂ ಮೀಟರ್ ಹಿಡಿದು ಅಳೆದಂತೆ ಕಾಣುವುದಿಲ್ಲ. ಪೇಂಟ್ ಆದ ಮೇಲೆ ಶುರುವಾಯಿತು ಎಂದು ನೀವೇ ಬರೆದಿದ್ದೀರಿ. ಬ್ಯಾಟರಿಯ ಮೈನಸ್ಸನ್ನು ಗಾಡಿಯ ಲೋಹದ ಮೈಗೆ ಸೇರಿಸುವ ಅರ್ತ್ ಪಟ್ಟಿ ಬಾಡಿಗೆ ಕೂರುವ ಜಾಗಕ್ಕೂ, ಸೆಲ್ಫ್ ಕೂರುವ ಮುಖಕ್ಕೂ ಬಣ್ಣ ಹೊಡೆದು ಅದರ ಮೇಲೇ ಬೋಲ್ಟ್ ಬಿಗಿದಿರುತ್ತಾರೆ. ಕರೆಂಟ್ ಬರೀ ಬೋಲ್ಟಿನ ಮರೆಯ (ಥ್ರೆಡ್) ಮೂಲಕ ಹೋಗಬೇಕಾಗುತ್ತದೆ.

ಇದು ಎಷ್ಟು ದೊಡ್ಡ ತೊಂದರೆ ಎಂದು ಲೆಕ್ಕ ಹಾಕಿ. ಡೀಸೆಲ್ ಎಂಜಿನ್ ತಿರುಗಿಸುವಾಗ ಸೆಲ್ಫ್ 300 ಆಂಪಿಯರ್‌ನಷ್ಟು ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಒಂದು ಜಾಯಿಂಟಿನಲ್ಲಿ 0.01 ಓಮ್ ಅಡ್ಡಿ ಇದ್ದರೂ ಅಲ್ಲೇ 3 ವೋಲ್ಟ್ ಹೋಯಿತು, 900 ವ್ಯಾಟ್ ಶಾಖ ಅಲ್ಲೇ ಹುಟ್ಟಿತು. ಲೋಡ್ ಬಿದ್ದಾಗ ಬ್ಯಾಟರಿ 10.5 ವೋಲ್ಟಿಗೆ ಇಳಿದರೆ ಸೆಲ್ಫಿಗೆ ಸಿಗುವುದು ಏಳೂವರೆ. ಹೊಸ ಬ್ಯಾಟರಿ ತಂದರೆ ಎರಡು ದಿನ ಸರಿ ಹೋದಂತೆ ಕಾಣುತ್ತದೆ, ಆಮೇಲೆ ಮತ್ತೆ ಅದೇ ಕಥೆ. 0.01 ಓಮ್ ಸಾಮಾನ್ಯ ಮೀಟರಿನ ಓಮ್ ಅಳತೆಯಲ್ಲಿ ಕಾಣುವುದೇ ಇಲ್ಲ. ‘ಕಂಟಿನ್ಯೂಯಿಟಿ ನೋಡಿದೆ, ಬೀಪ್ ಬಂತು, ವೈರ್ ಚೆನ್ನಾಗಿದೆ’ ಎಂಬ ಮಾತನ್ನು ನಂಬಬೇಡಿ. ಬ್ಯಾಟರಿ ಕೇಬಲ್ಲಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಬೀಪ್ ಬರುತ್ತದೆ.

ಲೋಡಿನಲ್ಲೇ ಅಳೆಯಬೇಕು. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಹಿಂದಿನ ಗಾಲಿಗೆ ಕಲ್ಲು. ಎಂಜಿನ್ ಸ್ಟಾರ್ಟ್ ಆಗಬಾರದು, ಹಾಗಾಗಿ ಸ್ಟಾಪ್ ನಾಬ್ ಎಳೆದಿಡಿ. ಒಬ್ಬರು ಸೀಟಿನ ಮೇಲೆ ಕೂತು ಕೀ ತಿರುಗಿಸಲಿ, ಇನ್ನೊಬ್ಬರು ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು ಓದಲಿ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ.

ಮೊದಲು ಬ್ಯಾಟರಿ. ಮೀಟರಿನ ಮುಳ್ಳುಗಳನ್ನು ಕ್ಲ್ಯಾಂಪಿಗಲ್ಲ, ಸೀಸದ ಪೋಸ್ಟಿಗೇ ಒತ್ತಿ. ಸುಮ್ಮನಿದ್ದಾಗ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಇದ್ದರೆ ಸುಮಾರು ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಬಿದ್ದರೆ ಪೂರ್ತಿ ಚಾರ್ಜ್ ಮಾಡಿ ಮತ್ತೆ ನೋಡಿ. ಆಗಲೂ ಬಿದ್ದರೆ, ಅಥವಾ ಆ್ಯಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಒಂದು ಸೆಲ್ ಮಿಕ್ಕವುಗಳಿಗಿಂತ 0.050ರಷ್ಟು ಕಡಿಮೆ ತೋರಿಸಿದರೆ, ಬ್ಯಾಟರಿ ಹೋಗಿದೆ ಅನ್ನಿ. ‘ಟಕ್’ ಅಂದಾಗಲೂ ಪೋಸ್ಟಿನಲ್ಲಿ 12 ದಾಟಿಯೇ ನಿಂತಿದ್ದರೆ ಕರೆಂಟ್ ಹೊರಟೇ ಇಲ್ಲ. ಅಂಥ ಬ್ಯಾಟರಿಯನ್ನು ಬೈಯಬೇಡಿ.

ಆಮೇಲೆ ಅರ್ತ್ ಕಡೆ. ಒಂದು ಮುಳ್ಳು ಬ್ಯಾಟರಿಯ ಮೈನಸ್ ಪೋಸ್ಟಿಗೆ, ಇನ್ನೊಂದು ಸೆಲ್ಫಿನ ಮೈಗೆ, ಬಣ್ಣ ಕೆರೆದ ಜಾಗದಲ್ಲಿ. ಕೀ ತಿರುಗಿಸಿದಾಗ 0.3 ವೋಲ್ಟ್ ಮೀರಿದರೆ ತೊಂದರೆ ಇಲ್ಲೇ ಇದೆ. ನಿಮ್ಮ ಟ್ರ್ಯಾಕ್ಟರಿನಲ್ಲಿ 2 ವೋಲ್ಟಿಗೂ ಮೀರಿ ಬಂದರೆ ಆಶ್ಚರ್ಯವಿಲ್ಲ.

ಪ್ಲಸ್ ಕಡೆ: ಒಂದು ಮುಳ್ಳು ಪ್ಲಸ್ ಪೋಸ್ಟಿಗೆ, ಇನ್ನೊಂದು ಸೊಲೆನಾಯ್ಡ್ (ಕೀ ತಿರುಗಿಸಿದಾಗ ಸೆಲ್ಫಿಗೆ ಕರೆಂಟ್ ಬಿಡುವ ಸ್ವಿಚ್) ದಾಟಿದ ಮೇಲಿನ, ಮೋಟರ್ ಬದಿಯ ಸ್ಟಡ್ಡಿಗೆ (ಕೇಬಲ್ ಬಿಗಿಯುವ ತಿರುಪು). ಕೀ ತಿರುಗಿಸುವ ಮೊದಲು ಮೀಟರ್ 12 ವೋಲ್ಟ್ ತೋರಿಸುತ್ತದೆ. ಸೊಲೆನಾಯ್ಡ್ ತೆರೆದಿರುವುದರಿಂದ ಹಾಗೆ, ಗಾಬರಿ ಬೇಡ. ಸೆಲ್ಫ್ ಎಳೆಯುವಾಗಿನ ಅಂಕಿಯೇ ಮುಖ್ಯ, ಅದು 0.5ರೊಳಗೆ ಇರಬೇಕು. ಮೀರಿದರೆ ಮುಳ್ಳನ್ನು ಹಿಂದಕ್ಕೆ ತನ್ನಿ: ಸೊಲೆನಾಯ್ಡಿನ ಆಚೆ ಸ್ಟಡ್, ಈಚೆ ಸ್ಟಡ್, ಲಗ್ (ಕೇಬಲ್ ತುದಿಯ ಲೋಹದ ಬಳೆ), ಕ್ಲ್ಯಾಂಪ್. ಅಂಕಿ ಎಲ್ಲಿ ಒಮ್ಮೆಲೇ ಇಳಿಯಿತೋ ಅಲ್ಲೇ ದೋಷ. ಸೊಲೆನಾಯ್ಡಿನ ಎರಡು ದೊಡ್ಡ ಸ್ಟಡ್ಡುಗಳ ನಡುವೆಯೇ ಹೆಚ್ಚಿದ್ದರೆ ಒಳಗಿನ ತಾಮ್ರದ ಬಿಲ್ಲೆ ಸುಟ್ಟಿದೆ.

ಅರ್ತ್ ಸರಿಪಡಿಸುವುದು ಹೀಗೆ. ಮೈನಸ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಪಟ್ಟಿಯ ಎರಡೂ ತುದಿ ಬಿಚ್ಚಿ ಲೋಹ ಹೊಳೆಯುವವರೆಗೆ ಕೆರೆಯಿರಿ. ಸೆಲ್ಫ್ ಬಿಚ್ಚಿ ಅದರ ಫ್ಲೇಂಜನ್ನೂ ಅದು ಕೂರುವ ಮುಖವನ್ನೂ ಕೆರೆಯಿರಿ. ಇದನ್ನು ಯಾರೂ ಮಾಡುವುದಿಲ್ಲ. ಹಲ್ಲಿರುವ ವಾಷರ್ ಹಾಕಿ ಬಿಗಿದ ಮೇಲೆ ಹೊರಗಿನಿಂದ ವ್ಯಾಸಲಿನ್ ಸವರಿ. ಬ್ಯಾಟರಿ ತಟ್ಟೆಯ ತಗಡಿಗೆ ಅರ್ತ್ ಕೊಟ್ಟಿದ್ದರೆ ಅದನ್ನು ಬಿಟ್ಟು, 50 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ನೇರ ಸೆಲ್ಫ್ ಬೋಲ್ಟಿಗೇ ತನ್ನಿ. ಬ್ಯಾಟರಿ ರೇಡಿಯೇಟರ್ ಮುಂದಿದ್ದು ಕೇಬಲ್ ಉದ್ದವಾಗುವುದಾದರೆ 70ರದ್ದು ಹಾಕಿ. ಲಗ್ಗನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿಸಬೇಡಿ, ಹೈಡ್ರಾಲಿಕ್ ಕ್ರಿಂಪರ್ ಇರುವವರ ಹತ್ತಿರ ಒತ್ತಿಸಿ. ಹಳೆಯ ಕೇಬಲ್ಲಿನ ಸಿಪ್ಪೆ ಲಗ್ಗಿನ ಹತ್ತಿರ ಸೀಳಿ ನೋಡಿ. ಒಳಗೆ ಹಸಿರು ಪುಡಿಯಿದ್ದರೆ ಎಸೆಯಿರಿ.

ಇಷ್ಟಾಗಿ ಸೆಲ್ಫಿನಲ್ಲೇ 9.5 ವೋಲ್ಟ್ ಸಿಗುತ್ತಿದ್ದು ಆಗಲೂ ಎಳೆಯದಿದ್ದರೆ ಮಾತ್ರ ಅದನ್ನು ಬಿಚ್ಚಿಸಿ. ಬುಷ್ ಸವೆದು ಆರ್ಮೇಚರ್ (ತಿರುಗುವ ಭಾಗ) ಒಳಗೆ ಉಜ್ಜುತ್ತಿದೆಯೇ, ಬ್ರಷ್ ಗಿಡ್ಡವಾಗಿದೆಯೇ ನೋಡಲಿ. ಬ್ರಷ್ ಕೂರುವ ತಾಮ್ರದ ಪಟ್ಟಿಗಳ ಕಮ್ಯುಟೇಟರಿಗೆ ಎಮರಿ ಪೇಪರ್ ಹಾಕುವವರಿಂದ ಸೆಲ್ಫ್ ವಾಪಸ್ ತನ್ನಿ. ಎಮರಿ ಪುಡಿ ಪಟ್ಟಿಗಳ ನಡುವೆ ಸಿಕ್ಕಿಕೊಂಡರೆ ಶಾರ್ಟ್ ಆಗುತ್ತದೆ. ಅಲ್ಲಿಗೆ ನುಣುಪಾದ ಸ್ಯಾಂಡ್ ಪೇಪರೇ ಬೇಕು.

ಎಚ್‌ಎಂಟಿ 2511, ಫೋರ್ಡ್ 3600, ಬಿ-275 ಇಟ್ಟವರಿಗೂ ಇದೇ ಪರೀಕ್ಷೆ. ದಯವಿಟ್ಟು ಮಾದರಿಯ ಹೆಸರು ಬದಲಿಸಿ ಮತ್ತೆ ಬರೆಯಬೇಡಿ.

ಪ್ರಶ್ನೆ: ‘ಟಕ್’ ಕೂಡ ಬರುವುದಿಲ್ಲ. ಸ್ಕ್ರೂಡ್ರೈವರಿನಿಂದ ಸೊಲೆನಾಯ್ಡ್ ಶಾರ್ಟ್ ಮಾಡಿ ಹೊಡೆಯುತ್ತೇವೆ. ಪರವಾಗಿಲ್ಲವೇ?

ಉತ್ತರ: ಇವತ್ತೇ ನಿಲ್ಲಿಸಿ. ಗೇರಿನಲ್ಲಿದ್ದಾಗ ಸ್ಟಾರ್ಟ್ ಆಗದಂತೆ ತಡೆಯುವ ಸ್ವಿಚ್ಚನ್ನು ನೀವು ದಾಟಿಸುತ್ತಿದ್ದೀರಿ. ಸೆಲ್ಫಿನ ಪಕ್ಕ ನಿಂತವರು ನಿಂತಿರುವುದು ಹಿಂದಿನ ಗಾಲಿಯ ದಾರಿಯಲ್ಲಿ. ಗಾಡಿ ಗೇರಿನಲ್ಲಿದ್ದರೆ ಎಂಜಿನ್ ಹತ್ತಿದ ಕ್ಷಣವೇ ಗಾಲಿ ಮೈಮೇಲೆ ಬರುತ್ತದೆ, ಹಾರಲು ಸಮಯ ಸಿಗುವುದಿಲ್ಲ. ಜನ ಹೀಗೆ ಸತ್ತಿದ್ದಾರೆ. ಕೀ ತಿರುಗಿಸಿದಾಗ ಸೊಲೆನಾಯ್ಡಿನ ಸಣ್ಣ ಟರ್ಮಿನಲ್ಲಿಗೆ ಕರೆಂಟ್ ಬರುತ್ತಿದೆಯೇ ಅಳೆಯಿರಿ. ಬಾರದಿದ್ದರೆ ಕೀ ಸ್ವಿಚ್, ನ್ಯೂಟ್ರಲ್ ಸ್ವಿಚ್, ನಡುವಿನ ವೈರ್, ಇಷ್ಟರಲ್ಲೇ ಒಂದು ಕೆಟ್ಟಿದೆ. ಕೆಟ್ಟದ್ದನ್ನು ಬದಲಿಸಿ, ಶಾರ್ಟ್ ಮಾಡಿ ಬಿಡಬೇಡಿ.

ಪ್ರಶ್ನೆ: ಎರಡು ಬ್ಯಾಟರಿ ಸೇರಿಸಿ 24 ವೋಲ್ಟ್ ಕೊಟ್ಟರೆ?

ಉತ್ತರ: ಸೆಲ್ಫಿನ ಪಿನಿಯನ್, ಅದು ತಿರುಗಿಸುವ ರಿಂಗ್ ಗೇರ್ ಎರಡೂ ಮುರಿಯಬಹುದು.

ಪ್ರಶ್ನೆ: ಸೆಲ್ಫ್ ಜೋರಾಗಿ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ. ಪ್ಲಗ್ ಕರೆಂಟ್ ಇಲ್ಲವೇನೋ?

ಉತ್ತರ: ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸ್ಟಾಪ್ ನಾಬ್, ಫಿಲ್ಟರ್, ಲೈನಿನ ಗಾಳಿ ನೋಡಿ.

ಪ್ರಶ್ನೆ: ಚಳಿಯಲ್ಲಿ ಎಂಜಿನ್ನಿಗೆ ಹೋಗುವ ಗಾಳಿ ಬಿಸಿ ಮಾಡುವ ಹೀಟರ್ ಜೊತೆ ಈಥರ್ ಸ್ಪ್ರೇ ಹೊಡೆಯಬಹುದೇ?

ಉತ್ತರ: ಕೂಡದು. ಬಿಸಿ ಹೀಟರಿಗೆ ಈಥರ್ ತಾಗಿದರೆ ಗಾಳಿ ಒಳಹೋಗುವ ಮ್ಯಾನಿಫೋಲ್ಡಿನಲ್ಲೇ ಸಿಡಿಯುತ್ತದೆ.

ಪ್ರಶ್ನೆ: ಬ್ಯಾಟರಿಗೆ ನೀರು ಕಡಿಮೆಯಾದಾಗ ಆ್ಯಸಿಡ್ ಹಾಕಿದರೆ ಶಕ್ತಿ ಬರುತ್ತದಂತೆ?

ಉತ್ತರ: ಹಾಗೆ ಹೇಳಿದವರ ಅಂಗಡಿಗೆ ಹೋಗಬೇಡಿ. ಡಿಸ್ಟಿಲ್ಡ್ ವಾಟರ್ ಮಾತ್ರ, ಪ್ಲೇಟ್ ಮುಳುಗಿ 10–15 ಮಿಲಿಮೀಟರ್ ಮೇಲೆ.

ಪ್ರಶ್ನೆ: ಆರು ತಿಂಗಳು ನಿಂತ ಟ್ರ್ಯಾಕ್ಟರಿನ ಡೈನಮೋ ಚಾರ್ಜ್ ಕೊಡುತ್ತಿಲ್ಲ. ಬದಲಿಸಬೇಕೆ?

ಉತ್ತರ: ಮೊದಲು ಬೆಲ್ಟ್, ಬ್ರಷ್ ನೋಡಿ. ಅವು ಸರಿಯಿದ್ದರೆ ಫೀಲ್ಡಿನ (ಒಳಗಿನ ಕಾಂತದ ಸುರುಳಿ) ಕಾಂತತೆ ಹೋಗಿರಬಹುದು. ಎಂಜಿನ್ ನಿಂತಿರುವಾಗ ‘ಡಿ’, ‘ಎಫ್’ ಟರ್ಮಿನಲ್ಲಿನ ಹಳೆಯ ಡೈನಮೋದ ‘ಎಫ್’ ವೈರ್ ಬಿಚ್ಚಿ, ಬ್ಯಾಟರಿಯ ಅರ್ತ್ ಅಲ್ಲದ ಪೋಸ್ಟಿನಿಂದ ಒಂದು ವೈರ್ ತಂದು ‘ಎಫ್’ಗೆ ಎರಡು ಮೂರು ಸಲ ಕ್ಷಣ ಮಾತ್ರ ತಾಗಿಸಿ. ವೈರ್ ಹಿಡಿದುಕೊಂಡೇ ಇರಬೇಡಿ. ಮತ್ತೆ ‘ಎಫ್’ ವೈರ್ ಹಾಕಿ ಎಂಜಿನ್ ಓಡಿಸಿ ಬ್ಯಾಟರಿ ಪೋಸ್ಟಿನಲ್ಲಿ ಅಳೆಯಿರಿ. 14 ವೋಲ್ಟಿನ ಆಸುಪಾಸು ಬಂದರೆ ಡೈನಮೋ ಬದಲಿಸುವ ಅಗತ್ಯವಿಲ್ಲ.