ಓದುಗರ ಪ್ರಶ್ನೆಗಳು: ಉಚಿತ ಚಿತ್ರ ಸಂಪಾದನಾ ತಂತ್ರಾಂಶದ ಆಯ್ಕೆ ಮತ್ತು ಬಳಕೆ

ಪ್ರಶ್ನೆ: ಮನೆಯಲ್ಲಿರುವ ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ, ಅವುಗಳ ಗೀರು ಮತ್ತು ಕಲೆಗಳನ್ನು ತೆಗೆಯಬೇಕೆಂದಿದ್ದೇನೆ. ಉಚಿತ ತಂತ್ರಾಂಶಗಳು ಹಲವಿವೆ. ನನ್ನ ಕಂಪ್ಯೂಟರಿನಲ್ಲಿ 4 ಜಿಬಿ ರ‍್ಯಾಮ್ ಮಾತ್ರ ಇದೆ. ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ನೀವು ಮಾಡಬೇಕಾದ ಕೆಲಸ ಯಾವುದೆಂದು ಸ್ಪಷ್ಟವಾಗಿ ತಿಳಿಸಿರುವುದರಿಂದ ಆಯ್ಕೆ ಸುಲಭವಾಗಿದೆ, ನನ್ನ ಸಲಹೆ ಜಿಂಪ್. ಗೀರು ಮುಚ್ಚಲು ಬೇಕಾದ ಹೀಲ್ ಮತ್ತು ಕ್ಲೋನ್ ಉಪಕರಣಗಳು, ಮಾಸಿದ ಬಣ್ಣವನ್ನು ತಿದ್ದುವ ಲೆವೆಲ್ಸ್ ಮತ್ತು ಕರ್ವ್ಸ್ ಸೌಲಭ್ಯಗಳು ಅದರಲ್ಲಿವೆ. 1995ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಆರಂಭಿಸಿದ ಈ ಮುಕ್ತ ತಂತ್ರಾಂಶವು ಇಂದಿಗೂ ಬೆಳೆಯುತ್ತಲೇ ಇದ್ದು, ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಮೂರರಲ್ಲೂ ನಡೆಯುವುದರಿಂದ, ಮುಂದೆ ಕಂಪ್ಯೂಟರ್ ಬದಲಾಯಿಸಿದರೂ ನಿಮ್ಮ ಕಡತಗಳನ್ನು ತೆರೆಯಲು ತೊಂದರೆಯಾಗುವುದಿಲ್ಲ. ಕುಟುಂಬದ ಫೋಟೋಗಳ ವಿಷಯದಲ್ಲಿ ಇದು ಸಣ್ಣ ಸಂಗತಿಯಲ್ಲ.

ರ‍್ಯಾಮ್ ಬಗ್ಗೆ ಲೆಕ್ಕ ಹಾಕಿ ನೋಡೋಣ. 4 × 6 ಇಂಚಿನ ಫೋಟೋವನ್ನು ಇಂಚಿಗೆ 600 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ 2400 × 3600 ಪಿಕ್ಸೆಲ್‌ಗಳ ಚಿತ್ರ ಸಿಗುತ್ತದೆ. ಒಂದೊಂದು ಪಿಕ್ಸೆಲ್‌ಗೆ ಪಾರದರ್ಶಕತೆಯೂ ಸೇರಿ 4 ಬೈಟ್ ಎಂದಿಟ್ಟುಕೊಂಡರೆ ಒಂದು ಲೇಯರ್‌ಗೆ (ಒಂದರ ಮೇಲೊಂದು ಇಡುವ ಹಾಳೆಯಂತಹ ಚಿತ್ರದ ಪದರಕ್ಕೆ) ಸುಮಾರು 35 ಎಂಬಿ ಬೇಕಾಗುತ್ತದೆ. ಐದಾರು ಲೇಯರ್‌ಗಳನ್ನು ನಿಮ್ಮ ಯಂತ್ರ ತಾಳಿಕೊಳ್ಳಬಲ್ಲದು. ಆದರೆ ಅಗತ್ಯವಿಲ್ಲದಿದ್ದರೂ 1200 ಚುಕ್ಕೆಗಳಲ್ಲಿ ಸ್ಕ್ಯಾನ್ ಮಾಡಿದರೆ ಈ ಹೊರೆ ನಾಲ್ಕು ಪಟ್ಟಾಗುತ್ತದೆ.

ವಿಂಡೋಸ್‌ನಲ್ಲಿ ಮಾತ್ರ ನಡೆಯುವ ಪೇಂಟ್ ಡಾಟ್ ನೆಟ್ ಇನ್ನೂ ಹಗುರವಾಗಿದ್ದು, ಕಲಿಯಲು ಸುಲಭ; ಚಿತ್ರವನ್ನು ಕತ್ತರಿಸುವುದು, ಅಳತೆ ಬದಲಿಸುವುದು, ಬೆಳಕು ಹೊಂದಿಸುವುದು ಇಷ್ಟೇ ಸಾಕೆನ್ನುವವರು ಅದನ್ನೇ ಬಳಸಬಹುದು. ಕ್ರಿಟಾ ಇರುವುದು ಕೈಯಿಂದ ಚಿತ್ರ ಬಿಡಿಸುವವರಿಗೆ, ಇಂಕ್‌ಸ್ಕೇಪ್ ಲಾಂಛನದಂತಹ ರೇಖಾಚಿತ್ರಗಳಿಗೆ, ಡಾರ್ಕ್‌ಟೇಬಲ್ ಕ್ಯಾಮೆರಾ ಸಂಸ್ಕರಿಸದೆ ಕೊಡುವ ರಾ ಕಡತಗಳಿಗೆ. ಯಾವುದನ್ನೇ ಆದರೂ ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಇದೇ ಹೆಸರುಗಳ ಜೊತೆಗೆ ಬೇಡದ ತಂತ್ರಾಂಶವನ್ನು ಅಂಟಿಸಿ ಕೊಡುವ ತಾಣಗಳಿವೆ.

ಪ್ರಶ್ನೆ: ಜಿಂಪ್‌ನಲ್ಲಿ ತಿದ್ದಿದ ಫೋಟೋವನ್ನು ಜೆಪೆಗ್ ಆಗಿ ಉಳಿಸುತ್ತೇನೆ. ಮರುದಿನ ತೆರೆದರೆ ಲೇಯರ್‌ಗಳು ಇರುವುದಿಲ್ಲ. ಹೀಗೆ ಹಲವು ಬಾರಿ ತಿದ್ದಿ ಉಳಿಸಿದ ಚಿತ್ರ ಮಸುಕಾದಂತೆಯೂ ಕಾಣುತ್ತದೆ. ಕಾರಣವೇನು?

ಉತ್ತರ: ಎರಡಕ್ಕೂ ಕಾರಣ ಜೆಪೆಗ್. ಈ ವಿಧಾನವು ಚಿತ್ರವನ್ನು 8 × 8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಸುಲಭವಾಗಿ ಗೋಚರಿಸದ ಸೂಕ್ಷ್ಮ ವಿವರಗಳನ್ನು ಕೈಬಿಟ್ಟು ಕಡತವನ್ನು ಚಿಕ್ಕದಾಗಿಸುತ್ತದೆ. ಕಡತವನ್ನು ತೆರೆದು ನೋಡಿದರೆ ಅಥವಾ ನಕಲು ಮಾಡಿದರೆ ಏನೂ ನಷ್ಟವಿಲ್ಲ. ಆದರೆ ತಿದ್ದಿ ಮತ್ತೆ ಜೆಪೆಗ್ ಆಗಿಯೇ ಉಳಿಸಿದಾಗಲೆಲ್ಲ, ಮೊದಲೇ ವಿವರ ಕಳೆದುಕೊಂಡ ಚಿತ್ರದಿಂದ ಇನ್ನಷ್ಟು ವಿವರ ಹೋಗುತ್ತದೆ, ಮತ್ತು ಅದನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ಲೇಯರ್‌ಗಳನ್ನು ಇಟ್ಟುಕೊಳ್ಳುವ ವ್ಯವಸ್ಥೆಯೂ ಜೆಪೆಗ್‌ನಲ್ಲಿಲ್ಲ, ಆದ್ದರಿಂದ ಎಲ್ಲವೂ ಒಂದೇ ಹಾಳೆಯಾಗಿ ಬೆರೆತುಹೋಗುತ್ತವೆ.

ಜಿಂಪ್‌ನಲ್ಲಿ ‘ಸೇವ್’ ಮತ್ತು ‘ಎಕ್ಸ್‌ಪೋರ್ಟ್’ ಬೇರೆಬೇರೆಯಾಗಿರುವುದು ಇದಕ್ಕಾಗಿಯೇ. 2012ರಲ್ಲಿ ಬಂದ 2.8 ಆವೃತ್ತಿಯಿಂದ ‘ಸೇವ್’ ಎಂಬುದು ಎಕ್ಸ್‌ಸಿಎಫ್ ಎಂಬ ಜಿಂಪ್‌ನ ಸ್ವಂತ ಕಡತವನ್ನಷ್ಟೇ ಬರೆಯುತ್ತದೆ; ಲೇಯರ್‌ಗಳು ಅದರಲ್ಲಿ ಹಾಗೆಯೇ ಉಳಿಯುತ್ತವೆ. ಜೆಪೆಗ್‌ನಂತಹ ಬೇರೆ ರೂಪಗಳಿಗೆ ‘ಎಕ್ಸ್‌ಪೋರ್ಟ್’ ಬಳಸಬೇಕು. ಹೊಸಬರಿಗೆ ಇದು ಕಿರಿಕಿರಿ ಎನಿಸುತ್ತದೆ, ಆದರೆ ನನ್ನ ದೃಷ್ಟಿಯಲ್ಲಿ ಇದು ಸರಿಯಾದ ನಿರ್ಧಾರ. ಕೆಲಸ ಮುಗಿಯುವವರೆಗೂ ಎಕ್ಸ್‌ಸಿಎಫ್ ಕಡತದಲ್ಲೇ ಮುಂದುವರಿಯಿರಿ. ಯಾರಿಗಾದರೂ ಕಳುಹಿಸಬೇಕಾದಾಗ ಮಾತ್ರ ಜೆಪೆಗ್ ಪ್ರತಿ ತೆಗೆಯಿರಿ. ಚಿತ್ರದಲ್ಲಿ ಅಕ್ಷರಗಳಿದ್ದರೆ ಅಥವಾ ಹಿನ್ನೆಲೆ ಪಾರದರ್ಶಕವಾಗಿರಬೇಕಾದರೆ ಪಿಎನ್‌ಜಿ ಉತ್ತಮ. ಮೂಲ ಸ್ಕ್ಯಾನ್ ಬೇರೊಂದು ಫೋಲ್ಡರಿನಲ್ಲಿ ಯಾರ ಕೈಯೂ ತಾಗದಂತೆ ಇರಲಿ.

ತಿದ್ದುವ ಕ್ರಮದ ಬಗ್ಗೆಯೂ ಒಂದು ಮಾತು ಹೇಳಬೇಕು. ಗೀರುಗಳನ್ನು ಮೂಲ ಲೇಯರ್ ಮೇಲೆಯೇ ಅಳಿಸಬೇಡಿ. ಅದರ ನಕಲೊಂದನ್ನು ಮೇಲೆ ಇಟ್ಟು ಅಲ್ಲಿ ಕೆಲಸ ಮಾಡಿ. ಬೇಡವಾದ ಭಾಗವನ್ನು ಎರೇಸರ್‌ನಿಂದ ಒರೆಸುವ ಬದಲು ಲೇಯರ್ ಮಾಸ್ಕ್ (ಲೇಯರಿನ ಯಾವ ಭಾಗ ಕಾಣಬೇಕೆಂದು ನಿಯಂತ್ರಿಸುವ ಮುಸುಕು) ಸೇರಿಸಿ ಕಪ್ಪು ಬಣ್ಣ ಬಳಿದರೆ ಆ ಭಾಗ ಮರೆಯಾಗುತ್ತದೆ, ಬಿಳಿ ಬಳಿದರೆ ಹಿಂದಿರುಗುತ್ತದೆ, ಬೂದು ಬಣ್ಣ ಅರ್ಧಂಬರ್ಧ ತೋರಿಸುತ್ತದೆ. ಮುಖದ ಸುತ್ತಲಿನ ಕೂದಲಿನಂತಹ ಸೂಕ್ಷ್ಮ ಅಂಚುಗಳಲ್ಲಿ ತಪ್ಪುವುದು ಸಹಜವಾದ್ದರಿಂದ, ತಪ್ಪನ್ನು ನಾಳೆಯೂ ಸರಿಪಡಿಸಬಹುದಾದ ಈ ವಿಧಾನವನ್ನು ಮೊದಲ ದಿನವೇ ರೂಢಿಸಿಕೊಳ್ಳುವುದು ಒಳ್ಳೆಯದು. 2025ರ ಮಾರ್ಚ್‌ನಲ್ಲಿ ಬಂದ ಜಿಂಪ್ 3.0ರಲ್ಲಿ ಫಿಲ್ಟರುಗಳಿಗೂ ಇಂತಹ ಅನುಕೂಲ ದೊರೆತಿದೆ: ಹಾಕಿದ ಫಿಲ್ಟರನ್ನು ಆನಂತರವೂ ತೆರೆದು ಅದರ ಪ್ರಮಾಣ ಬದಲಿಸಬಹುದು, ಇಲ್ಲವೇ ತೆಗೆದುಹಾಕಬಹುದು.

ಪ್ರಶ್ನೆ: ಮೊಬೈಲಿಗೆ ಸಂದೇಶದಲ್ಲಿ ಬಂದ 800 × 600 ಪಿಕ್ಸೆಲ್ ಫೋಟೋವನ್ನು ಎ4 ಅಳತೆಯಲ್ಲಿ ಮುದ್ರಿಸಬೇಕು. ತಂತ್ರಾಂಶದಲ್ಲಿ ಹಿಗ್ಗಿಸಬಹುದೇ?

ಉತ್ತರ: ಹಿಗ್ಗಿಸಬಹುದು, ಆದರೆ ಚೆನ್ನಾಗಿ ಬರುವುದಿಲ್ಲ. ಇಂಚಿಗೆ 300 ಪಿಕ್ಸೆಲ್‌ಗಳಂತೆ ಎ4 ಹಾಳೆಗೆ ಸುಮಾರು 2480 × 3508 ಪಿಕ್ಸೆಲ್‌ಗಳು ಬೇಕು. ನಿಮ್ಮ ಚಿತ್ರ ಆ ಗುಣಮಟ್ಟದಲ್ಲಿ ಮೂರು ಇಂಚಿನಷ್ಟು ಅಗಲವನ್ನೂ ತುಂಬುವುದಿಲ್ಲ. ಹಿಗ್ಗಿಸುವಾಗ ತಂತ್ರಾಂಶವು ಅಕ್ಕಪಕ್ಕದ ಬಣ್ಣಗಳನ್ನು ನೋಡಿ ನಡುವಿನ ಪಿಕ್ಸೆಲ್‌ಗಳನ್ನು ಊಹಿಸುತ್ತದೆಯೇ ಹೊರತು ಹೊಸ ವಿವರವನ್ನು ಕಂಡುಹಿಡಿಯುವುದಿಲ್ಲ. ಸಂದೇಶ ಸೇವೆಗಳು ಸಾಮಾನ್ಯವಾಗಿ ಫೋಟೋವನ್ನು ಕುಗ್ಗಿಸಿ ಕಳುಹಿಸುವುದರಿಂದ, ಕಳುಹಿಸಿದವರ ಬಳಿ ದೊಡ್ಡ ಮೂಲ ಚಿತ್ರ ಇರುವ ಸಾಧ್ಯತೆಯೇ ಹೆಚ್ಚು. ಅದನ್ನು ಫೋಟೋ ಆಗಿ ಅಲ್ಲದೆ ಡಾಕ್ಯುಮೆಂಟ್ ಆಗಿ ಅಥವಾ ಇಮೇಲ್‌ಗೆ ಲಗತ್ತಿಸಿ ಕಳುಹಿಸುವಂತೆ ಕೇಳಿಕೊಳ್ಳಿ.