4 ಜಿಬಿ ಲ್ಯಾಪ್‌ಟಾಪ್‌ಗೆ ಹೊಸ ರ‍್ಯಾಮ್ ಹಾಕಿದರೆ ಸಾಕಾ?

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್. 2019ರಲ್ಲಿ ಕೊಂಡ ಲ್ಯಾಪ್‌ಟಾಪ್ ಇದೆ. ಎಂಟನೇ ಜನರೇಶನ್ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ನುಡಿಯಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುವಾಗ ಏನೂ ತೊಂದರೆ ಇಲ್ಲ. ಆದರೆ ಎಕ್ಸೆಲ್ ತೆರೆದಿಟ್ಟು ಕ್ರೋಮ್‌ನಲ್ಲಿ ಗೂಗಲ್ ಮೀಟ್ ಶುರು ಮಾಡಿದರೆ ಮೌಸ್ ಕೂಡ ಅಲುಗಾಡುವುದಿಲ್ಲ. ಅಂಗಡಿಯವರು ‘ಹಳೇದಾಯ್ತು, ಹೊಸದೇ ತಗೊಳ್ಳಿ’ ಅಂತಾರೆ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದ ಫೋಟೊ ಕಳಿಸಿದ್ದೇನೆ. ರ‍್ಯಾಮ್ ಹೆಚ್ಚಿಸಿದರೆ ಸಾಕಾ? ನಾನೇ ಹಾಕಬಹುದಾ?
– ಶಿಕ್ಷಕಿ, ಶಿರಸಿ

ಉತ್ತರ: ಹೊಸ ಲ್ಯಾಪ್‌ಟಾಪ್ ಬೇಡ ಮೇಡಂ. ನಿಮ್ಮದರಲ್ಲಿ ಇನ್ನೂ ಜೀವ ಇದೆ. ಕೆಲಸ ಮಾಡುವ ಯಂತ್ರವನ್ನು ರ‍್ಯಾಮ್ ಸಾಲದು ಅನ್ನೋ ಕಾರಣಕ್ಕೆ ಮೂಲೆಗೆ ತಳ್ಳುವುದು ನನಗಂತೂ ಒಪ್ಪುವುದಿಲ್ಲ.

ಫೋಟೊದಲ್ಲಿ ಬೇಕಾದ್ದೆಲ್ಲ ಇದೆ. ಮೀಟ್ ನಡೆಯುತ್ತಿರುವಾಗ ಮೆಮೊರಿ, ಅಂದರೆ ತೆರೆದಿಟ್ಟ ಕೆಲಸಗಳನ್ನು ಇಟ್ಟುಕೊಳ್ಳುವ ರ‍್ಯಾಮ್, 94% ತುಂಬಿದೆ. ರ‍್ಯಾಮ್ ತುಂಬಿದರೆ ವಿಂಡೋಸ್ ಒಂದಷ್ಟು ಮಾಹಿತಿಯನ್ನು ಹಾರ್ಡ್ ಡಿಸ್ಕ್‌ಗೆ ಸಾಗಿಸುತ್ತದೆ. ಬೇಕಾದಾಗ ಅಲ್ಲಿಂದ ವಾಪಸ್ ತರುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ರ‍್ಯಾಮ್‌ಗಿಂತ ತುಂಬಾ ತುಂಬಾ ನಿಧಾನ. ಈ ಓಡಾಟದಲ್ಲೇ ನಿಮ್ಮ ಮೌಸ್ ಸಿಕ್ಕಿಬೀಳುತ್ತಿದೆ. ಡಿಸ್ಕ್ 100% ತೋರಿಸುತ್ತಿರುವುದಕ್ಕೂ ಮುಖ್ಯ ಕಾರಣ ಇದೇ ಇರಬೇಕು. ನುಡಿ ಒಂದನ್ನೇ ತೆರೆದಾಗ ಮೆಮೊರಿ ತುಂಬುವುದಿಲ್ಲ, ಹಾಗಾಗಿ ತೊಂದರೆಯೂ ಇಲ್ಲ.

ಅದೇ ಪುಟದ ಕೆಳಗೆ ‘ಸ್ಲಾಟ್ಸ್ ಯೂಸ್ಡ್: 1 ಆಫ್ 2’ ಅಂತಿದೆ. ಅಂದರೆ ರ‍್ಯಾಮ್ ಕೂರಿಸುವ ಎರಡು ಜಾಗಗಳಲ್ಲಿ (ಸ್ಲಾಟ್) ಒಂದು ಖಾಲಿ. ‘ಫಾರ್ಮ್ ಫ್ಯಾಕ್ಟರ್: ಎಸ್ಒಡಿಮ್’ ಅಂತಿದೆ. ಅಂದರೆ ಈಗಿರುವ ರ‍್ಯಾಮ್ ಬೋರ್ಡ್‌ಗೆ ಬೆಸುಗೆ ಹಾಕಿದ್ದಲ್ಲ, ತೆಗೆದು ಹಾಕುವಂಥದ್ದು. ಸ್ಪೀಡ್ 2400 ಅಂತಿದೆ. ಹಾಗಾದರೆ ಅದು ಡಿಡಿಆರ್4, ಅಂದರೆ ಡಿಡಿಆರ್ ರ‍್ಯಾಮ್‌ನ ನಾಲ್ಕನೇ ಪೀಳಿಗೆ. ಅಂಗಡಿಯಲ್ಲಿ ‘ಲ್ಯಾಪ್‌ಟಾಪ್‌ನ ಡಿಡಿಆರ್4, 8 ಜಿಬಿ’ ಅಂತ ಬಿಡಿಸಿ ಕೇಳಿ. ಲ್ಯಾಪ್‌ಟಾಪ್ ರ‍್ಯಾಮ್‌ನ ಅಂಚಿನ ಕಾಲುಗಳು (ಪಿನ್) ಡಿಡಿಆರ್3ಕ್ಕೆ 204, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ನಡುವಿನ ಕಚ್ಚು ಇರುವ ಜಾಗವೂ ಬೇರೆ ಬೇರೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. 3200 ಸ್ಪೀಡಿನದು ಸಿಕ್ಕರೂ ತಗೊಳ್ಳಿ, ಅದು 2400ಕ್ಕೆ ಇಳಿದು ಕೆಲಸ ಮಾಡುತ್ತದೆ. ಹಳೆಯ 4 ಜಿಬಿ ಅಲ್ಲೇ ಇರಲಿ. ಒಟ್ಟು 12 ಜಿಬಿ ಆಗುತ್ತದೆ, ನಿಮ್ಮ ಕೆಲಸಕ್ಕೆ ಧಾರಾಳವಾಯಿತು.

ಕೊಳ್ಳುವ ಮೊದಲು ಸೆಟ್ಟಿಂಗ್ಸ್‌ನ ಅಬೌಟ್ ಪುಟ ನೋಡಿ. ‘64 ಬಿಟ್’ ಅಂತಿರಬೇಕು. 32 ಬಿಟ್ ವಿಂಡೋಸ್ 4 ಜಿಬಿಗಿಂತ ಜಾಸ್ತಿ ರ‍್ಯಾಮ್ ಬಳಸುವುದಿಲ್ಲ.

ನೀವೇ ಹಾಕಬಹುದಾ ಅಂದಿರಿ. ಖಂಡಿತ ಹಾಕಬಹುದು. ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಲ್ಯಾಪ್‌ಟಾಪನ್ನು ಬೋರಲು ಮಲಗಿಸಿ. ಸ್ಟಾರ್ ಸ್ಕ್ರೂಡ್ರೈವರ್ ಬೇಕು. ಸ್ಕ್ರೂಗಳು ಒಂದೇ ಉದ್ದ ಇರುವುದಿಲ್ಲ. ಒಂದು ಕಾಗದದ ಮೇಲೆ ತಳಭಾಗದ ಚಿತ್ರ ಬರೆದು, ಯಾವುದು ಎಲ್ಲಿಯದೋ ಅಲ್ಲೇ ಇಟ್ಟುಕೊಳ್ಳಿ. ಕವರ್ ಎಬ್ಬಿಸಲು ಹಳೆಯ ಎಟಿಎಂ ಕಾರ್ಡ್ ಸಾಕು, ಚಾಕು ಬೇಡವೇ ಬೇಡ. ಕವರ್ ಬಂದ ಮೇಲೆ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಆಮೇಲೆ ಬಾಗಿಲ ಚಿಲಕದಂಥ ಯಾವುದಾದರೂ ಲೋಹದ ವಸ್ತು ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ವಿದ್ಯುತ್ ಹೋಗಲಿ.

ಹೊಸ ರ‍್ಯಾಮನ್ನು ಅಂಚಿನಲ್ಲಿ ಹಿಡಿಯಿರಿ, ಚಿನ್ನದ ಬಣ್ಣದ ಕಾಲುಗಳನ್ನು ಮುಟ್ಟಬೇಡಿ. ಓರೆಯಾಗಿ ಸ್ಲಾಟ್‌ಗೆ ತೂರಿಸಿ, ಕಾಲುಗಳು ಹೆಚ್ಚುಕಡಿಮೆ ಕಾಣದಷ್ಟು ಒಳಗೆ ಹೋಗುವವರೆಗೆ ಒತ್ತಿ. ಆಮೇಲೆ ಕೆಳಕ್ಕೆ ಬಗ್ಗಿಸಿದರೆ ಎರಡೂ ಕಡೆಯ ಲೋಹದ ಕ್ಲಿಪ್ ‘ಟಕ್’ ಅಂತ ಹಿಡಿದುಕೊಳ್ಳುತ್ತವೆ. ಆ ಸದ್ದು ಎರಡೂ ಕಡೆ ಬರಬೇಕು. ನಮ್ಮ ಅಂಗಡಿಗೆ ‘ರ‍್ಯಾಮ್ ಹಾಕಿದ ಮೇಲೆ ಆನ್ ಆಗ್ತಿಲ್ಲ’ ಅಂತ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ಒಂದು ಕಡೆ ಪೂರ್ತಿ ಕೂರದೇ ಇರುವಂಥವು. ಹಳೆಯ ರ‍್ಯಾಮನ್ನೂ ಈಗಲೇ ಒಮ್ಮೆ ಹೊರತೆಗೆಯಿರಿ. ನಿಮ್ಮ ಊರಿನ ಮಳೆಗಾಲದ ತೇವಕ್ಕೆ ಕಾಲುಗಳು ಮಂಕಾಗಿರಬಹುದು. ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಬ್ರಷ್‌ನಿಂದ ಝಾಡಿಸಿ ಹಾಕಿ.

ಮೊದಲ ಸಲ ಆನ್ ಮಾಡಿದಾಗ ಸ್ಕ್ರೀನ್ ಸ್ವಲ್ಪ ಹೊತ್ತು ಕಪ್ಪಗಿರಬಹುದು. ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ. ವಿಂಡೋಸ್ ಬಂದ ಮೇಲೆ ಸರ್ಚ್‌ನಲ್ಲಿ ‘ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್’ ಹುಡುಕಿ ಒಮ್ಮೆ ಓಡಿಸಿ. ರ‍್ಯಾಮ್‌ನಲ್ಲಿ ದೋಷವಿದ್ದರೆ ಅಂಗಡಿಗೆ ವಾಪಸ್ ಕೊಡಲು ಇದೇ ಸಮಯ.

ಇಷ್ಟಾದರೂ ಲ್ಯಾಪ್‌ಟಾಪ್ ಆನ್ ಆಗಲು ತಗೊಳ್ಳುವ ಸಮಯ ಕಡಿಮೆಯಾಗುವುದಿಲ್ಲ. ಅದು ಹಾರ್ಡ್ ಡಿಸ್ಕ್‌ನ ನಿಧಾನ. ಕೈಯಲ್ಲಿ ದುಡ್ಡಾದಾಗ ಅದರ ಬದಲು ಎಸ್ಎಸ್‌ಡಿ (ತಿರುಗುವ ಭಾಗಗಳಿಲ್ಲದ, ವೇಗದ ಡಿಸ್ಕ್) ಹಾಕಿಸಿ. ನಿಮ್ಮದು ಎಂಟನೇ ಜನರೇಶನ್ ಆದ್ದರಿಂದ ವಿಂಡೋಸ್ 11ಕ್ಕೂ ಹೋಗಬಹುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಪ್ರಶ್ನೆ: ಇಂಜಿನಿಯರಿಂಗ್‌ಗೆ ಸೇರಿದ್ದೇನೆ. ಈಗ 8 ಜಿಬಿಯ ತೆಳು ಲ್ಯಾಪ್‌ಟಾಪ್ ಕೊಂಡು ಆಮೇಲೆ 16 ಜಿಬಿ ಮಾಡಿಸಿಕೊಳ್ಳೋಣ ಅಂತಿದ್ದೇನೆ. ಸರಿನಾ ಸರ್?
– ವಿದ್ಯಾರ್ಥಿ, ಧಾರವಾಡ

ಉತ್ತರ: ಆ ಮಾಡೆಲ್‌ನಲ್ಲಿ ಸ್ಲಾಟ್ ಇದ್ದರೆ ಸರಿ. ವಿವರದಲ್ಲಿ ‘ಎಲ್‌ಪಿಡಿಡಿಆರ್’ (ಕಡಿಮೆ ವಿದ್ಯುತ್ ಬಳಸುವ ರ‍್ಯಾಮ್) ಅಂತಿದ್ದರೆ ಸಾಮಾನ್ಯವಾಗಿ ರ‍್ಯಾಮ್ ಬೋರ್ಡ್‌ಗೇ ಬೆಸುಗೆಯಾಗಿರುತ್ತದೆ. 2020ರಲ್ಲಿ ಎಂ1 ಚಿಪ್‌ನೊಂದಿಗೆ ಬಂದ ಮ್ಯಾಕ್‌ಬುಕ್‌ಗಳಿಗೂ ಆಮೇಲೆ ರ‍್ಯಾಮ್ ಸೇರಿಸಲು ಆಗುವುದಿಲ್ಲ. ಅಂಥದ್ದು ಕೊಳ್ಳುವುದಾದರೆ ಮೊದಲೇ 16 ಜಿಬಿಯದು ತಗೋ, ಬೇಕಾದರೆ ಸ್ಕ್ರೀನ್ ಮತ್ತು ಬಣ್ಣದಲ್ಲಿ ರಾಜಿ ಮಾಡಿಕೋ. ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳ ಸೈಟ್‌ನಲ್ಲಿ ಸರ್ವಿಸ್ ಮ್ಯಾನುಯಲ್ ಉಚಿತವಾಗಿ ಸಿಗುತ್ತದೆ. ದುಡ್ಡು ಕೊಡುವ ಮುಂಚೆ ನಿನ್ನ ಮಾಡೆಲ್ ನಂಬರ್ ಹಾಕಿ ‘ಮೆಮೊರಿ’ ಅಧ್ಯಾಯ ತೆರೆದು ನೋಡು. ರ‍್ಯಾಮ್ ತೆಗೆಯುವ ಚಿತ್ರ ಅಲ್ಲಿದ್ದರೆ 8 ಜಿಬಿಯದನ್ನೇ ಕೊಳ್ಳಬಹುದು.