ಇಲ್ಲ ಅನ್ನಲಾರದ ಮೇಷ್ಟ್ರು

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಸಲಹೆ ಕೇಳಲು ನನ್ನ ಹತ್ತಿರ ಬಂದ ಅವರು ಪ್ರೌಢಶಾಲೆಯ ಮೇಷ್ಟ್ರು. ಜೊತೆಗೆ ಹೆಂಡತಿಯೂ ಬಂದಿದ್ದರು. ಸಹೋದ್ಯೋಗಿಯೊಬ್ಬರು ಸೊಸೈಟಿಯಲ್ಲಿ ತೆಗೆದ ಸಾಲಕ್ಕೆ ಮೇಷ್ಟ್ರು ಜಾಮೀನು ಹಾಕಿದ್ದರು. ಸಾಲ ಪಡೆದವರು ಕಂತು ನಿಲ್ಲಿಸಿದರು, ಈಗ ಇವರ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದಾರೆ. ಹೆಂಡತಿಗೆ ಗೊತ್ತಾಗಿದ್ದು ಸಂಬಳದ ಸ್ಲಿಪ್ ನೋಡಿದಾಗ. ಇಷ್ಟರ ಮೇಲೆ ದೊಡ್ಡಪ್ಪನ ಮಗ ಇನ್ನೊಂದು ಸಾಲಕ್ಕೆ ಸಹಿ ಕೇಳುತ್ತಿದ್ದಾರೆ.

“ನಮ್ಮಪ್ಪ ಯಾರಿಗೂ ಇಲ್ಲ ಅಂದವರಲ್ಲ ಮೇಡಂ. ನನಗೂ ಬಾಯಿ ಬರಲ್ಲ.”

“ಒಳ್ಳೇತನ ಎಲ್ಲ ಊರಿಗೆ. ಮನೆಗೆ ಬರೀ ಸುಳ್ಳು,” ಅಂದರು ಆಕೆ. ದುಡ್ಡು ಹೋದದ್ದಕ್ಕಿಂತ ಮುಚ್ಚಿಟ್ಟದ್ದೇ ಅವರಿಗೆ ಜಾಸ್ತಿ ನೋವಾಗಿತ್ತು.

“ನೀವು ಇಲ್ಲ ಅಂದ್ರೂ ಯಾರೂ ಬೇಜಾರು ಮಾಡ್ಕೊಳ್ಳಲ್ಲ ಅಂತಿದ್ರೆ ಸಹಿ ಹಾಕ್ತಿದ್ರಾ ಮೇಷ್ಟ್ರೇ?” ಅಂತ ಕೇಳಿದೆ. ಯೋಚಿಸಿ, ಇಲ್ಲ ಅಂದರು. ಜನ ಏನಂದುಕೊಳ್ಳುತ್ತಾರೋ ಅನ್ನುವ ಹೆದರಿಕೆಯೇ ಅವರ ಕೈಲಿ ಸಹಿ ಹಾಕಿಸುತ್ತಿತ್ತು. ಹಾಗಂತ ಕರುಣೆ ಇಲ್ಲದವರಲ್ಲ. ಬಡ ಹುಡುಗನೊಬ್ಬನ ಪರೀಕ್ಷೆ ಶುಲ್ಕ ಕಟ್ಟಿದ್ದರಂತೆ. ಯಾರೂ ಕೇಳಿರಲಿಲ್ಲ, ಇವರು ಹೇಳಿಕೊಂಡೂ ಇರಲಿಲ್ಲ. ಅದನ್ನು ನನಗೆ ತಿಳಿಸಿದ್ದೂ ಹೆಂಡತಿಯೇ! ಆ ಗುಣ ಹಾಗೇ ಇರಲಿ ಅಂದೆ. ಇಂಥವರಿಗೆ ‘ಸ್ವಲ್ಪ ಸ್ವಾರ್ಥಿಯಾಗಿ’ ಅನ್ನುವ ಸಲಹೆ ನನಗಂತೂ ಸೇರುವುದಿಲ್ಲ.

ಜಾಮೀನು ಅಂದರೆ ಸುಮ್ನೆ ಸಾಕ್ಷಿ ಸಹಿ ಅಂತ ಅವರು ತಿಳಿದಿದ್ದರು. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಸಾಲಗಾರನಷ್ಟೇ ಹೊಣೆ ಜಾಮೀನುದಾರನಿಗೂ ಇದೆ. ನ್ಯಾಯವಾಗಿ ಕಟ್ಟಿದ ಹಣವನ್ನು ಸಾಲಗಾರನಿಂದ ವಾಪಸ್ ಪಡೆಯುವ ಹಕ್ಕು 145ನೇ ಕಲಂನಲ್ಲಿದೆ. ಸ್ಲಿಪ್‌ಗಳನ್ನು ಜೋಪಾನ ಮಾಡಿ, ಸಹೋದ್ಯೋಗಿಗೆ ಲೆಕ್ಕ ಬರೆದು ಕೊಡಿ, ವಕೀಲರನ್ನೊಮ್ಮೆ ಕಾಣಿ ಅಂದೆ. ಬೇರೆಲ್ಲಾದರೂ ಸಹಿ ಹಾಕಿದ್ದರೆ ಇವತ್ತೇ ಹೆಂಡತಿಯ ಮುಂದೆ ಇಡಬೇಕು. ಅಣ್ಣನಿಗೆ ‘ಮನೆಯವಳು ಬೇಡ ಅಂತಾಳೆ’ ಅನ್ನುವ ಹಾಗಿಲ್ಲ. ಆ ನಿಷ್ಠುರ ಆಕೆ ಯಾಕೆ ಹೊರಬೇಕು? ‘ನನ್ನ ಕೈಲಿ ಆಗಲ್ಲ ಅಣ್ಣ’ ಅಂದರೆ ಸಾಕು. ಕಾರಣ ಹೇಳಲು ಹೋದರೆ ಎದುರಿನವರು ಅದಕ್ಕೊಂದು ದಾರಿ ಹುಡುಕಿಕೊಂಡು ಬರುತ್ತಾರೆ. ವಾಪಸ್ ಬರದಿದ್ದರೂ ತಡೆದುಕೊಳ್ಳುವಷ್ಟು ಹಣ ಇದ್ದರೆ ಇಬ್ಬರೂ ಮಾತಾಡಿ ಕೊಡಿ, ಸಹಿ ಮಾತ್ರ ಬೇಡ.

ಮುಂದಿನ ಸಲ ಬರುವ ಹೊತ್ತಿಗೆ ಅಣ್ಣನಿಗೆ ಹೇಳಿಯಾಗಿತ್ತು. ಅಣ್ಣ ಮಾತು ಬಿಟ್ಟಿದ್ದಾರೆ. ಸಹೋದ್ಯೋಗಿ ಒಂದಿಷ್ಟು ಕೊಟ್ಟು, ಉಳಿದದ್ದಕ್ಕೆ ಟೈಮ್ ಕೇಳಿದ್ದಾರೆ.

“ಅಣ್ಣ ಎದುರಿಗೆ ಸಿಕ್ಕರೆ ಏನು ಮಾಡೋದು ಅಂತ ಸಂತೆಗೇ ಹೋಗ್ತಿಲ್ಲ ಮೇಡಂ.”

ಹೋಗಿ, ನೀವೇ ಮೊದಲು ಮಾತಾಡಿಸಿ ಅಂದೆ.